ಮೂರು ಭಾಷೆಯ ಮನೆಗೆ ಯಾವ ಸಿನಿಮಾ, ಯಾವ ಧ್ವನಿ? ಕಾಸರಗೋಡಿನ ಪ್ರೇಕ್ಷಕನೊಬ್ಬನ ಹೋಲಿಕೆ

ಶನಿವಾರ ಇಳಿಹೊತ್ತಾಯಿತೆಂದರೆ ಉಪ್ಪಳದ ಭಾವನ ಫೋನು ಬರುತ್ತದೆ, ಮತ್ತು ಅವರು ಕೇಳುವ ಪ್ರಶ್ನೆ ವರ್ಷಗಳಿಂದ ಒಂದೇ: "ಇವತ್ತು ಎಂತ ನೋಡುವುದು ಮಾರಾಯ?" ಕೇಳುವುದಕ್ಕೆ ಸಣ್ಣ ಪ್ರಶ್ನೆ, ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅಕ್ಕನ ಅತ್ತೆಗೆ ತುಳು ಬಿಟ್ಟರೆ ಬೇರೆ ಮಾತು ಮನಸ್ಸಿಗೆ ಹತ್ತುವುದಿಲ್ಲ. ಅಕ್ಕ ಕನ್ನಡ ಶಾಲೆಯ ಅಧ್ಯಾಪಿಕೆ. ಕಾಲೇಜಿಗೆ ಹೋಗುವ ಅಳಿಯ ಮಲಯಾಳದ ಹೊರತು ಸಿನಿಮಾ ಎಂಬುದೇ ಇಲ್ಲವೆಂದು ನಂಬಿದವನು. ಭಾವನಿಗೆ ಮೂರೂ ಭಾಷೆ ಬರುತ್ತದೆ, ಆದರೆ ರಾತ್ರಿ ಹತ್ತು ದಾಟಿದರೆ ಯಾವ ಭಾಷೆಯಲ್ಲೂ ನಿದ್ದೆ ಬರುತ್ತದೆ. ಒಂದೇ ಟೀವಿಯ ಮುಂದೆ ಕೂರುವ ಇಂಥ ಮನೆಗಳು ಮಂಜೇಶ್ವರದಿಂದ ಬದಿಯಡ್ಕದವರೆಗೆ ಎಷ್ಟೋ ಇವೆ, ಮತ್ತು ಈ ಹೋಲಿಕೆಯನ್ನು ನಾನು ಬರೆಯುತ್ತಿರುವುದು ಅಂಥ ಮನೆಗಳಿಗಾಗಿ.

ಪತ್ರಿಕೆಗಳ ವಿಮರ್ಶೆಯಿಂದ ನಮಗೆ ಹೆಚ್ಚಿನ ಸಹಾಯ ಸಿಗುವುದಿಲ್ಲ. ಬೆಂಗಳೂರಿನವರು ಕನ್ನಡ ಚಿತ್ರವನ್ನು ಇನ್ನೊಂದು ಕನ್ನಡ ಚಿತ್ರದ ಪಕ್ಕದಲ್ಲಿಟ್ಟು ತೂಗುತ್ತಾರೆ, ಕೊಚ್ಚಿಯವರು ಮಲಯಾಳವನ್ನು ಮಲಯಾಳದೊಡನೆ ತೂಗುತ್ತಾರೆ. ಎರಡನ್ನೂ ಅಡಿಬರಹದ ಹಂಗಿಲ್ಲದೆ ಒಂದೇ ಸಂಜೆಯಲ್ಲಿ ನೋಡಿ ಮುಗಿಸಬಲ್ಲ ಪ್ರೇಕ್ಷಕರು ಚಂದ್ರಗಿರಿ ಹೊಳೆಯ ಈಚೆ ದಂಡೆಯಲ್ಲಿ ಇದ್ದಾರೆಂಬುದು ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ. ಹೀಗಾಗಿ ನನ್ನದೇ ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ. ಪಾತ್ರಗಳು ಆಡುವ ಮಾತು ಅದನ್ನು ಬರೆದವರ ಮನೆಯಂಗಳದ ಮಾತೇ ಎಂಬುದನ್ನು ಮೊದಲು ನೋಡುತ್ತೇನೆ. ಹೌದಾದರೆ, ಆ ಚಿತ್ರವನ್ನು ಅದೇ ಮಾತಿನಲ್ಲಿ ನೋಡುತ್ತೇನೆ. ತಾರೆ ಯಾರು, ಖರ್ಚು ಎಷ್ಟು, ಗಳಿಕೆ ಎಷ್ಟು ಕೋಟಿ ಎಂಬ ಲೆಕ್ಕಗಳೆಲ್ಲ ಆಮೇಲೆ. ಈ ಅಳತೆ ಎಲ್ಲ ಕಡೆಯೂ ಕೂಡಿಬರುತ್ತದೆಂದು ಹಟವಿಲ್ಲ, ಆದರೆ ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಅದು ನನಗೆ ಕೈಕೊಟ್ಟದ್ದು ಕಡಿಮೆ.

ಕಾಂತಾರ: ಎರಡು ಚಿತ್ರ, ಮೂರು ಧ್ವನಿ

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ವನ್ನು ನಮ್ಮ ಜಿಲ್ಲೆಯವರು ಮೂರು ರೀತಿಯಲ್ಲಿ ನೋಡಬಹುದಾಗಿತ್ತು. ಮೊದಲು ಕನ್ನಡ ಬಂತು. ಅಕ್ಟೋಬರಿನಲ್ಲಿ ಮಲಯಾಳದ ಧ್ವನಿ ಬಂತು. ಡಿಸೆಂಬರ್ 2ರಂದು ತುಳು ಆವೃತ್ತಿ ಬಂತು. ನಾನು ಮೂರನ್ನೂ ನೋಡಿದ್ದೇನೆ. ಮೊದಲ ಸಲ ನೋಡುವವರಿಗೆ ಕನ್ನಡವೇ ಸರಿ, ಯಾಕೆಂದರೆ ಅದರ ಕುಂದಾಪುರ ಕಡೆಯ ಮಾತಿನ ಒರಟುತನ, ತಾಯಿ ಮಗನನ್ನು ಬೈಯುವ ದಾಟಿ, ಗೆಳೆಯರ ಪೋಲಿ ಹರಟೆ ಇವೆಲ್ಲ ಬರೆದವರ ಬಾಯಿಂದ ನೇರವಾಗಿ ಬಂದವು. ಮನೆಯಲ್ಲಿ ತುಳುವಿನ ಹಿರಿಯರಿದ್ದರೆ ಎರಡನೆಯ ಸಲ ತುಳುವಿನಲ್ಲಿ ಹಾಕಬೇಕು. ಉಪ್ಪಳದಲ್ಲಿ ಹಾಗೆ ಹಾಕಿದ ದಿನ ಅಕ್ಕನ ಅತ್ತೆ ಮೊದಲ ಅರ್ಧ ಗಂಟೆ ವೀಳ್ಯದೆಲೆಯ ನಾರು ತೆಗೆಯುತ್ತ ಅರೆಮನಸ್ಸಿನಿಂದ ಕುಳಿತಿದ್ದರು. ಕೊನೆಯ ಕೋಲದ, ಅಂದರೆ ವೇಷ ಕಟ್ಟಿ ದೈವವನ್ನು ಆರಾಧಿಸುವ ದೃಶ್ಯದ, ಹೊತ್ತಿಗೆ ಎಲೆಯ ತಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಟೀವಿಯ ಎದುರು ಎದ್ದು ನಿಂತು ಕೈಮುಗಿದರು. ಅಳಿಯ ನಗಲಿಲ್ಲ ಎಂಬುದನ್ನೂ ಹೇಳಬೇಕು.

ಮಲಯಾಳದ ಧ್ವನಿಯ ವಿಷಯದಲ್ಲಿ ತೊಡಕು ಇರುವುದು ಕೆಲಸದ ಗುಣಮಟ್ಟದಲ್ಲಿ ಅಲ್ಲವೇ ಅಲ್ಲ. ತುಳುನಾಡಿನಲ್ಲಿ ದೇವರು ಬೇರೆ, ದೈವ ಬೇರೆ. ದೇವರಿಗೆ ಪೂಜೆ, ದೈವಕ್ಕೆ ಕೋಲ, ನೇಮ. ದೇವರು ಸುಮ್ಮನಿರುತ್ತಾನೆ, ದೈವ ಎದುರು ನಿಂತು ನುಡಿ ಕೊಡುತ್ತದೆ, ತಪ್ಪಿದವನನ್ನು ಹೆಸರು ಹಿಡಿದು ಕೇಳುತ್ತದೆ. ಮಲಯಾಳದಲ್ಲಿ ‘ದೈವಂ’ ಎಂದರೆ ದೇವರೇ. ಈ ಒಂದು ಪದದ ಅಂತರದ ಮೇಲೆಯೇ ನಿಂತಿರುವ ಕಥೆಯನ್ನು ಯಾವ ಅನುವಾದಕ ತಾನೇ ಪೂರ್ತಿಯಾಗಿ ದಾಟಿಸಬಲ್ಲ? ನೀಲೇಶ್ವರ, ಕಾಞಂಗಾಡ್ ಕಡೆಯ ಗೆಳೆಯರು ನಮ್ಮ ಕೋಲವನ್ನೇ ಹೋಲುವ ತೆಯ್ಯಂ ಕಟ್ಟುವುದನ್ನು ಕಂಡು ಬೆಳೆದವರಾದ್ದರಿಂದ ಮಲಯಾಳದಲ್ಲಿ ನೋಡಿಯೂ ಅದನ್ನು ಹಿಡಿದುಕೊಂಡರು. ತಿರುವನಂತಪುರದ ನನ್ನ ಸಹೋದ್ಯೋಗಿಗೆ ಅದು ಒಳ್ಳೆಯ ಹೊಡೆದಾಟದ ಚಿತ್ರವಾಗಿ ಮಾತ್ರ ಕಂಡಿತು.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಚಿತ್ರ. ಕದಂಬರ ಕಾಲಕ್ಕೆ ಹೋಗಿ, ಕಾಡಿನವರ ಮತ್ತು ಅರಮನೆಯವರ ಜಗಳವನ್ನು ಕಟ್ಟಿ, ರುಕ್ಮಿಣಿ ವಸಂತ್ ಮತ್ತು ಜಯರಾಮ್ ಅವರಂಥವರನ್ನು ತಂದು, ಎರಡೂ ಮುಕ್ಕಾಲು ಗಂಟೆಗೂ ಮೀರಿ ಪರದೆಯನ್ನು ತುಂಬಿಸುತ್ತದೆ. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣವಾಗಲಿ ಅಜನೀಶ್ ಲೋಕನಾಥ್ ಅವರ ಸಂಗೀತವಾಗಲಿ ಹಿಂದೆ ಬಿದ್ದಿಲ್ಲ. ಆದರೂ ನನಗೆ ಮೊದಲನೆಯದೇ ಮೇಲು. ಎರಡನೆಯದರಲ್ಲಿ ಮಾತು ಪೌರಾಣಿಕ ನಾಟಕದ ಕಡೆಗೆ ಜಾರಿದೆ. ಮೊದಲ ಚಿತ್ರದಲ್ಲಿ ಗದ್ದೆಯ ಕೆಸರು ಮೆತ್ತಿಕೊಂಡಿದ್ದ ನುಡಿಗೆ ಇಲ್ಲಿ ರೇಷ್ಮೆ ಉಡಿಸಿದ್ದಾರೆ. ಮೊದಲ ಚಿತ್ರದಲ್ಲಿ ದೈವ ಕೊನೆಗೆ ಬಂತು, ಅದಕ್ಕಾಗಿ ನಾವು ಕಾದೆವು. ಎರಡನೆಯದರಲ್ಲಿ ಮತ್ತೆ ಮತ್ತೆ ಬರುವುದರಿಂದ ಮೈ ಜುಮ್ಮೆನ್ನುವುದು ಮೂರನೆಯ ಸಲಕ್ಕೆ ನಿಲ್ಲುತ್ತದೆ. ಆರಿಸಿಕೊಳ್ಳುವವರಿಗೆ ನನ್ನ ಸಲಹೆ ಹೀಗೆ: ಚಾಪ್ಟರ್ 1 ಅನ್ನು ದೊಡ್ಡ ಪರದೆಯಲ್ಲಿ ನೋಡದೆ ಉಳಿದವರು ಮನೆಯಲ್ಲಿ ಅದನ್ನು ಹಾಕಿ ಬೇಸರಪಡುವ ಬದಲು ಹಳೆಯದನ್ನೇ ಇನ್ನೊಮ್ಮೆ ನೋಡಬಹುದು, ಅದು ಸಣ್ಣ ಪರದೆಯಲ್ಲೂ ಕುಗ್ಗುವುದಿಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದಾದರೆ

ಇಲ್ಲಿ ಪೈಪೋಟಿ ಇರುವುದು 2025ರ ಎರಡು ಚಿತ್ರಗಳ ನಡುವೆ: ಜುಲೈ 25ರಂದು ಬಂದ ಕನ್ನಡದ ‘ಸು ಫ್ರಮ್ ಸೋ’, ಮತ್ತು ಆಗಸ್ಟ್ 28ರಂದು ಬಂದ ಮಲಯಾಳದ ‘ಲೋಕಾ ಚಾಪ್ಟರ್ 1: ಚಂದ್ರ’. ಎರಡರಲ್ಲೂ ಹೆಣ್ಣಿನ ಅಲೌಕಿಕ ಶಕ್ತಿಯ ಮಾತಿದೆ. ಒಂದರಲ್ಲಿ ಊರಿನ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಬಂದಿದೆಯೆಂದು ಊರೇ ನಂಬುತ್ತದೆ. ಇನ್ನೊಂದರಲ್ಲಿ ಕೇರಳದ ಕಳ್ಳಿಯಂಕಾಟ್ಟು ನೀಲಿಯೆಂಬ ಯಕ್ಷಿಯ ಐತಿಹ್ಯ ಇಂದಿನ ಬೆಂಗಳೂರಿನಲ್ಲಿ ಮತ್ತೆ ಜೀವ ತಳೆಯುತ್ತದೆ. ಕಲ್ಯಾಣಿ ಪ್ರಿಯದರ್ಶನ್ ಇಡೀ ಚಿತ್ರವನ್ನು ಹೊತ್ತು ನಿಲ್ಲುವ ರೀತಿ ನನಗೆ ಇಷ್ಟವಾಯಿತು, ಮತ್ತು ಮಿತವ್ಯಯದಲ್ಲಿ ಅಷ್ಟು ಅಚ್ಚುಕಟ್ಟಾದ ಮಾಯಾಲೋಕವನ್ನು ಕಟ್ಟಿದ್ದಕ್ಕೆ ಡೊಮಿನಿಕ್ ಅರುಣ್ ಅವರನ್ನು ಮೆಚ್ಚಲೇಬೇಕು. ಆದರೆ ಆ ಬೆಂಗಳೂರು ಮಲಯಾಳಿ ಬಾಡಿಗೆದಾರನ ಕಿಟಕಿಯಿಂದ ಕಾಣುವ ಬೆಂಗಳೂರು. ಬೀದಿಗೆ ಇಳಿದರೆ ಕೇಳಿಸಬೇಕಾದ ಕನ್ನಡ ಅಲ್ಲಿ ಅಪರೂಪ. ಬೆಂಗಳೂರಿನ ಹುಡುಗಿಯರ ಬಗೆಗಿನ ಒಂದು ಮಾತಿಗೆ ಆಕ್ಷೇಪ ಬಂದಾಗ ನಿರ್ಮಾಪಕ ಸಂಸ್ಥೆ ಕನ್ನಡಿಗರ ಕ್ಷಮೆ ಕೇಳಿತು. ಆ ಮಾತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ನಿಶ್ಶಬ್ದವೇ.

ಈ ವಿಷಯದಲ್ಲಿ 2024ರ ‘ಆವೇಶಂ’ ಎಷ್ಟೋ ವಾಸಿ ಎಂದು ನಡುವೆ ಹೇಳಿಬಿಡುತ್ತೇನೆ. ಅದರಲ್ಲಿ ಫಹದ್ ಫಾಸಿಲ್ ಮಾಡಿದ ರಂಗ ಎಂಬ ರೌಡಿಯ ಬಾಯಲ್ಲಿ ಮಲಯಾಳ ಮತ್ತು ಕನ್ನಡ ಕಲಸಿದ ಅನ್ನದಂತೆ ಬರುತ್ತವೆ, ಮತ್ತು ಆ ಕಲಸುಮೇಲೋಗರದ ಪೂರ್ತಿ ರುಚಿ ಸಿಗುವುದು ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಹಾಗೆಯೇ ಮಾತಾಡುವ ನಮ್ಮಂಥವರಿಗೆ. ಹೊಡೆದಾಟವನ್ನು ಸಹಿಸುವವರು ನೋಡಬಹುದು.

‘ಸು ಫ್ರಮ್ ಸೋ’ ಬರೆದು ನಿರ್ದೇಶಿಸಿದ ಜೆ.ಪಿ. ತೂಮಿನಾಡು ಅವರ ಹೆಸರಿನಲ್ಲೇ ಮಂಜೇಶ್ವರದ ಊರಿದೆ. ತಲಪಾಡಿಯ ಗಡಿಯಿಂದ ಕೂಗಳತೆಯ ದೂರ. ಅದರ ಮಾತು ಮಂಗಳೂರು ಕನ್ನಡವೆಂದು ಎಲ್ಲರೂ ಬರೆದರು, ಅದು ತಪ್ಪೇನಲ್ಲ. ಆದರೆ ವಾಕ್ಯದ ಒಳಗೆ ತುಳುವಿನ ಎಲುಬು ಇರುವ ಆ ಕನ್ನಡ ಹೊಸಂಗಡಿಯ ಚಹಾದ ಅಂಗಡಿಯದ್ದೂ ಹೌದು. ಶನೀಲ್ ಗೌತಮ್ ಮಾಡಿದ ರವಿಯಣ್ಣನನ್ನು ನೋಡಿ. ಊರಿಗೆ ಒಬ್ಬ ಇಂಥವನು ಇರುತ್ತಾನೆ: ಮದುವೆ ಮನೆಯಲ್ಲಿ ಬಡಿಸುವವರನ್ನು ಓಡಾಡಿಸುವವನು, ಸಾವಿನ ಮನೆಯಲ್ಲಿ ಸೌದೆಯ ಲೆಕ್ಕ ಹೇಳುವವನು, ತನ್ನ ಮನೆಯ ವಿಷಯ ಬಂದರೆ ಮಾತು ಬದಲಿಸುವವನು. ರಾಜ್ ಬಿ. ಶೆಟ್ಟಿ ನಿರ್ಮಿಸಿದ ಈ ಚಿತ್ರ ಒಂದು ವಾರದ ಬಳಿಕ ಮಲಯಾಳದಲ್ಲೂ ತೆರೆಕಂಡಿತು, ದುಲ್ಖರ್ ಸಲ್ಮಾನ್ ಅವರ ಸಂಸ್ಥೆ ಅದನ್ನು ಹಂಚಿತು, ಮತ್ತು ಅಳಿಯ ಗೆಳೆಯರೊಡನೆ ಕಾಸರಗೋಡಿನಲ್ಲಿ ಮಲಯಾಳದಲ್ಲೇ ನೋಡಿ ಬಂದ. ಜಿಯೊಹಾಟ್‌ಸ್ಟಾರ್‌ಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಕನ್ನಡದಲ್ಲಿ ಹಾಕಿದಾಗ ಅವನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದ. "ಇದು ಅಲ್ಲಿ ಇರಲೇ ಇಲ್ಲ ಮಾವ" ಎಂದ. ಇತ್ತು, ಆದರೆ ನಗು ಬರುವ ಪದದ ಜಾಗದಲ್ಲಿ ಅರ್ಥ ಬರುವ ಪದ ಕೂತಿತ್ತು.

ಕೊರತೆ ಇಲ್ಲವೆಂದಲ್ಲ. ಸುಲೋಚನಾಳ ಮಗಳು ಭಾನುವಿನ ಕಥೆ ತೆರೆದುಕೊಂಡ ಮೇಲೆ ಚಿತ್ರಕ್ಕೆ ತಾನು ಗಂಭೀರವಾಗಬೇಕೆಂಬ ಜವಾಬ್ದಾರಿ ತಲೆಗೇರುತ್ತದೆ, ಅಷ್ಟು ಹೊತ್ತು ಸಹಜವಾಗಿ ಹರಿದ ಮಾತು ಅಲ್ಲಿ ಸ್ವಲ್ಪ ಭಾಷಣದ ಸ್ವರ ಹಿಡಿಯುತ್ತದೆ. ಕುಡಿತದ ತಮಾಷೆಗಳೂ ಅಗತ್ಯಕ್ಕಿಂತ ಹೆಚ್ಚು. ಆದರೂ ಎಂಟರಿಂದ ಎಂಬತ್ತರವರೆಗಿನವರು ಒಂದೇ ಚಾವಡಿಯಲ್ಲಿ ಕೂತು ನೋಡಬಲ್ಲ ಚಿತ್ರ ಈ ಎರಡರಲ್ಲಿ ಇದೇ. ‘ಲೋಕಾ’ದ ರಕ್ತ ಮತ್ತು ಕತ್ತಲೆ ಸಣ್ಣ ಮಕ್ಕಳಿಗೆ ಬೇಡ, ಹದಿಹರೆಯದವರಿಗೆ ಧಾರಾಳವಾಗಿ ಹಾಕಬಹುದು.

ನಮ್ಮ ಊರನ್ನು ಯಾರು ಸರಿಯಾಗಿ ತೋರಿಸಿದರು?

ಈ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಕಾಸರಗೋಡು ಪರದೆಯ ಮೇಲೆ ಕಾಣಿಸುವುದು ವರ್ಷಕ್ಕೊಮ್ಮೆ ಬರುವ ಜಾತ್ರೆಯಂತೆ ಖಚಿತವಾದದ್ದೇನಲ್ಲ. ನೋಡಬೇಕಾದ ನಾಲ್ಕು ಚಿತ್ರಗಳಿವೆ: ಕನ್ನಡದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018), ಮಲಯಾಳದ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017), ‘ತಿಂಗಳಾಳ್ಚ ನಿಶ್ಚಯಂ’ (2021) ಮತ್ತು ‘ನ್ನಾ ತಾನ್ ಕೇಸ್ ಕೊಡ್’ (2022). ಒಬ್ಬನಿಗೆ ಒಂದನ್ನೇ ನೋಡುವ ಪುರುಸೊತ್ತು ಇದ್ದರೆ ಯಾವುದು ಎಂಬುದು ನನಗೂ ಅಕ್ಕನಿಗೂ ಇನ್ನೂ ಮುಗಿಯದ ಜಗಳ.

ಅಕ್ಕನ ಆಯ್ಕೆ ಶಾಲೆಯ ಚಿತ್ರ, ಅದಕ್ಕೆ ಅವಳ ಉದ್ಯೋಗವೇ ಕಾರಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡ ಶಾಲೆಗಳಲ್ಲಿ ನಡೆಯುತ್ತ ಬಂದ ಹಗ್ಗಜಗ್ಗಾಟ ಅವಳಿಗೆ ಸಿನಿಮಾದ ವಿಷಯವೇ ಅಲ್ಲ, ದಿನಚರಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಮಕ್ಕಳ ಮುಖ ಹೇಗಾಗುತ್ತದೆಂದು ಅವಳು ಹತ್ತಿರದಿಂದ ಕಂಡಿದ್ದಾಳೆ. ರಿಷಬ್ ಶೆಟ್ಟಿ ಆ ಮುಖಗಳನ್ನು ಹಿಡಿದಿದ್ದಾರೆ. ಅಸೆಂಬ್ಲಿಯ ಸಾಲು, ಮಧ್ಯಾಹ್ನದ ಊಟ, ಮಮ್ಮುಟ್ಟಿ ಎಂಬ ಹೆಸರಿನ ಹುಡುಗ, ಹೆಂಚಿನ ಮಾಡಿನ ಕೆಳಗಿನ ಗದ್ದಲ, ಇವುಗಳಲ್ಲಿ ಒಂದೂ ಸುಳ್ಳಿಲ್ಲ. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಅದು ಅರ್ಹವೂ ಆಗಿತ್ತು. ನನ್ನ ತಕರಾರು ಎರಡನೆಯ ಅರ್ಧದ ಬಗ್ಗೆ. ಶಾಲೆಯನ್ನು ಉಳಿಸುವುದಕ್ಕೆ ಮೈಸೂರಿನಿಂದ ಅನಂತ್ ನಾಗ್ ಬರಬೇಕೇ? ಅವರು ಬಂದು ಅದ್ಭುತವಾಗಿ ಅಭಿನಯಿಸುತ್ತಾರೆ, ನಾವೂ ನಗುತ್ತೇವೆ, ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಅರ್ಜಿ ಬರೆದು, ಕಚೇರಿಗೆ ಅಲೆದು, ಧರಣಿ ಕೂತು, ಇಷ್ಟು ವರ್ಷ ಶಾಲೆಗಳನ್ನು ಉಳಿಸಿಕೊಂಡು ಬಂದ ಊರಿನವರು ಆ ಹೊತ್ತಿಗೆ ಚಪ್ಪಾಳೆ ತಟ್ಟುವ ಗುಂಪಾಗಿಬಿಟ್ಟಿರುತ್ತಾರೆ. ಮಲಯಾಳಿ ಅಧಿಕಾರಿಯ ಪಾತ್ರವೂ ಯಕ್ಷಗಾನದ ಬಣ್ಣದ ವೇಷದಷ್ಟು ಗಾಢವಾಯಿತು. ವಾಸ್ತವದಲ್ಲಿ ಇಂಥ ಅಧಿಕಾರಿಗಳು ತುಂಬ ಸೌಮ್ಯವಾಗಿ ನಗುತ್ತಲೇ ಕಡತವನ್ನು ಪಕ್ಕಕ್ಕಿಡುತ್ತಾರೆ.

‘ತೊಂಡಿಮುದಲುಂ’ ಕಲೆಯ ದೃಷ್ಟಿಯಿಂದ ನಾಲ್ಕರಲ್ಲಿ ಮೇಲಿನದು. ಬಸ್ಸಿನಲ್ಲಿ ಕತ್ತಿನ ಸರ ಕದ್ದು ನುಂಗಿದ ಕಳ್ಳ, ಅದು ಹೊರಬರುವುದನ್ನು ಕಾಯುವ ಪೊಲೀಸರು, ಸರ ಕಳೆದುಕೊಂಡ ಬಡ ದಂಪತಿ, ಇಷ್ಟೇ ಕಥೆ. ಠಾಣೆಯ ಹಲವು ಪಾತ್ರಗಳನ್ನು ನಿಜವಾದ ಪೊಲೀಸರಿಂದಲೇ ಮಾಡಿಸಿದ್ದಾರೆ ದಿಲೀಶ್ ಪೋತನ್, ಹಾಗಾಗಿ ಅಲ್ಲಿನ ಬೇಸರ ಕೂಡ ಅಪ್ಪಟ. ಆದರೆ ಆ ಚಿತ್ರದ ಕಾಸರಗೋಡು ತೆಂಕಣದಿಂದ ಬಂದವರ ಕಾಸರಗೋಡು: ನೀರಿಲ್ಲದ ಮುರಕಲ್ಲಿನ ನೆಲ, ಬಿಸಿಲು, ಯಾರದೋ ಕಣ್ಣು ತಪ್ಪಿಸಿ ಬಂದು ಬದುಕುವ ಜಾಗ. ತೆಂಕಣದ ನೌಕರರ ಬಾಯಲ್ಲಿ ಕಾಸರಗೋಡಿಗೆ ವರ್ಗವೆಂದರೆ ಇಂದಿಗೂ ಶಿಕ್ಷೆ ಎಂಬ ಅರ್ಥವಿದೆ, ಚಿತ್ರದ ಬೆಳಕಿನಲ್ಲೂ ಆ ಭಾವ ಸ್ವಲ್ಪ ಬೆರೆತಿದೆ.

ನನ್ನ ಮತ ಉಳಿದ ಎರಡರ ನಡುವೆ ತೂಗುತ್ತದೆ. ‘ನ್ನಾ ತಾನ್ ಕೇಸ್ ಕೊಡ್’ ಚಿತ್ರದಲ್ಲಿ ರಸ್ತೆಯ ಗುಂಡಿಯ ಕಾರಣದಿಂದ ನಾಯಿ ಕಚ್ಚಿಸಿಕೊಂಡ ಹಳೆಯ ಕಳ್ಳನೊಬ್ಬ ಮಂತ್ರಿಯನ್ನೇ ಕೋರ್ಟಿಗೆ ಎಳೆಯುತ್ತಾನೆ. ಕುಂಚಾಕೋ ಬೋಬನ್ ಆ ಪಾತ್ರಕ್ಕಾಗಿ ತಮ್ಮ ಚಂದವನ್ನೂ ನಾಡುನುಡಿಯನ್ನೂ ಬದಲಿಸಿಕೊಂಡರು, ಆದರೆ ಚಿತ್ರವನ್ನು ಗೆದ್ದವರು ನ್ಯಾಯಾಧೀಶರ ಪಾತ್ರದ ಪಿ.ಪಿ. ಕುಂಞಿಕೃಷ್ಣನ್, ನಿವೃತ್ತ ಶಾಲಾ ಮೇಷ್ಟ್ರು, ಅದಕ್ಕೆ ಕೇರಳದ ರಾಜ್ಯಪ್ರಶಸ್ತಿ ಪಡೆದರು. ಕೋರ್ಟಿನಲ್ಲಿ ಅವರು ಫ್ಯಾನಿನ ಕೆಳಗೆ ಕುಳಿತು ಸಾಕ್ಷಿಯನ್ನು ನೋಡುವ ನೋಟದಲ್ಲಿ ಹೋಮ್‌ವರ್ಕ್ ಮಾಡದ ಹುಡುಗನನ್ನು ನೋಡುವ ಮೇಷ್ಟ್ರು ಹಾಗೆಯೇ ಉಳಿದುಕೊಂಡಿದ್ದಾರೆ. ‘ತಿಂಗಳಾಳ್ಚ ನಿಶ್ಚಯಂ’ ಇನ್ನೂ ಸಣ್ಣದು: ಕಾಞಂಗಾಡಿನ ಒಂದು ಮನೆ, ಮಗಳ ನಿಶ್ಚಿತಾರ್ಥಕ್ಕೆ ಎರಡು ದಿನ, ಮಾತು ಕೇಳದ ಮಗಳು, ಮಾತು ನಿಲ್ಲಿಸದ ಅಪ್ಪ.

ನನ್ನ ಅಳತೆಗೋಲಿಗೆ ಈ ಕೊನೆಯ ಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದರ ನಿರ್ದೇಶಕ ಸೆನ್ನಾ ಹೆಗ್ಡೆ ಕಾಞಂಗಾಡಿನವರು. 2018ರಲ್ಲಿ ಅವರೇ ಕನ್ನಡದಲ್ಲಿ ದಿಗಂತ್ ನಾಯಕನಾಗಿದ್ದ ‘ಕಥೆಯೊಂದು ಶುರುವಾಗಿದೆ’ ಮಾಡಿದ್ದರು. ಕಡಲ ತೀರದ ರೆಸಾರ್ಟು, ನಯವಾದ ಪ್ರೇಮ, ಹಿತವಾದ ಹಾಡು, ಎಲ್ಲ ಸರಿಯಾಗಿಯೇ ಇದ್ದ ಚಿತ್ರ; ನೋಡಿ ಎದ್ದು ಬಂದ ಮೇಲೆ ಒಂದು ಸಂಭಾಷಣೆಯೂ ನೆನಪಿನಲ್ಲಿ ಉಳಿಯಲಿಲ್ಲ. ಅದೇ ಮನುಷ್ಯ ಮೂರು ವರ್ಷದಲ್ಲಿ ತನ್ನ ಊರಿನ ಅಂಗಳಕ್ಕೆ ಮರಳಿ, ಅಲ್ಲಿನವರ ಬಾಯಿಮಾತಿನಲ್ಲೇ ಚಿತ್ರ ಮಾಡಿದಾಗ ಅದಕ್ಕೆ ಅತ್ಯುತ್ತಮ ಮಲಯಾಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಕೌಶಲ ಒಂದೇ ಇತ್ತು, ನಾಲಗೆ ಬದಲಾಯಿತು. ಕನ್ನಡಿಗನಾಗಿ ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ. ಜಿಲ್ಲೆಯ ತೆಂಕಣ ಭಾಗಕ್ಕೆ ಇಂಥದ್ದೊಂದು ಚಿತ್ರ ಸಿಕ್ಕಿದೆ, ಬಡಗಣ ಭಾಗದ ಕನ್ನಡದ ಮನೆಗೆ, ಹವ್ಯಕರ ಅಂಗಳಕ್ಕೆ, ಅಡಿಕೆಯ ರಾಶಿಯ ಮುಂದೆ ನಡೆಯುವ ಹರಟೆಗೆ ಅಂಥದ್ದು ಇನ್ನೂ ಸಿಕ್ಕಿಲ್ಲ. ಕಾಸರಗೋಡಿನವರೇ ಆದ ಕಿರಣ್‌ರಾಜ್ ಕೆ. ಅವರು ‘777 ಚಾರ್ಲಿ’ಯಂಥ ದೊಡ್ಡ ಗೆಲುವಿನ ಚಿತ್ರವನ್ನು ಕನ್ನಡಕ್ಕೆ ಕೊಟ್ಟರು, ಆದರೆ ಅದರ ಪಯಣ ಉತ್ತರದ ಹಿಮದ ಕಡೆಗೆ ಹೋಯಿತು.

ಸಾವಿನ ಮನೆಯ ಎರಡು ಕಥೆಗಳು

ಇಲ್ಲಿ ನನ್ನ ಆಯ್ಕೆ ಬೇಗ ಮುಗಿಯುತ್ತದೆ, ಯಾಕೆಂದರೆ ಎರಡನ್ನೂ ನೋಡಬೇಕು. ಒಂದೇ ವಾರದಲ್ಲಿ ಮಾತ್ರ ಬೇಡ. 2025ರ ಮಾರ್ಚಿನಲ್ಲಿ ತೆರೆಕಂಡ ಸುಮಂತ್ ಭಟ್ ಅವರ ‘ಮಿಥ್ಯ’ದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬಯಿಯಿಂದ ಉಡುಪಿಯ ಕಡೆಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. 2024ರ ‘ಉಳ್ಳೊಳುಕ್ಕ್’ ಚಿತ್ರದಲ್ಲಿ ಕುಟ್ಟನಾಡಿನ ನೆರೆ ಇಳಿಯದೆ ಮನೆಯೊಳಗೆ ಹೆಣ ಕಾಯುತ್ತಿರುತ್ತದೆ, ಅದರ ಸುತ್ತ ಅತ್ತೆ ಸೊಸೆಯರ ಗುಟ್ಟುಗಳು ನೀರಿನಂತೆ ಮೇಲೇರುತ್ತವೆ. ಊರ್ವಶಿ ಮತ್ತು ಪಾರ್ವತಿ ಎದುರುಬದುರು ನಿಂತ ದೃಶ್ಯಗಳಿಗೆ ಸಾಟಿಯಿಲ್ಲ, ಆದರೆ ಅಲ್ಲಿ ದುಃಖ ಮಾತಾಡುತ್ತದೆ, ಜಗಳವಾಡುತ್ತದೆ. ‘ಮಿಥ್ಯ’ದ ಹುಡುಗ ಮಾತೇ ಆಡುವುದಿಲ್ಲ. ಆತಿಶ್ ಶೆಟ್ಟಿ ಎಂಬ ಬಾಲಕ ಸಿಟ್ಟನ್ನೂ ಅಳುವನ್ನೂ ಒಂದೇ ಮುಖದಲ್ಲಿ ಬಚ್ಚಿಟ್ಟುಕೊಳ್ಳುವುದನ್ನು ನೋಡುವಾಗ ಎದೆ ಬಿಗಿಯುತ್ತದೆ. ಅವನನ್ನು ಸಾಕುವವರಾಗಿ ರೂಪಾ ವರ್ಕಾಡಿ ಮತ್ತು ಪ್ರಕಾಶ್ ತೂಮಿನಾಡು ಇದ್ದಾರೆ, ಇಬ್ಬರ ಹೆಸರಿನಲ್ಲೂ ಮಂಜೇಶ್ವರದ ಊರುಗಳೇ. ನಗಿಸುವುದಕ್ಕೆಂದೇ ಹೆಸರಾದ ಪ್ರಕಾಶ್ ಇಲ್ಲಿ ದುಡ್ಡಿನ ಲೆಕ್ಕಕ್ಕೂ ಮಮತೆಗೂ ನಡುವೆ ಸಿಕ್ಕಿಕೊಂಡ ಗಂಡಸನ್ನು ಎಷ್ಟು ಸಣ್ಣ ದನಿಯಲ್ಲಿ ಮಾಡಿದ್ದಾರೆಂದರೆ, ಅಂಥವರೊಬ್ಬರನ್ನು ನೆಂಟರಲ್ಲಿ ಹುಡುಕಬೇಕಾಗಿಲ್ಲ.

‘ಮಿಥ್ಯ’ವನ್ನು ದೊಡ್ಡ ಪರದೆಯಲ್ಲೇ ನೋಡಬೇಕೆಂದು ಭಾವನನ್ನು ಹೊರಡಿಸಿಕೊಂಡು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋದದ್ದು ಬೇರೆಯೇ ಕಥೆ. ಹೆದ್ದಾರಿಯ ಅಗಲೀಕರಣದ ಧೂಳು ಕುಡಿದು, ತಲಪಾಡಿಯಲ್ಲಿ ಟೋಲು ಕೊಟ್ಟು, ಮಾಲಿನ ನಾಲ್ಕನೆಯ ಮಾಳಿಗೆ ಹತ್ತಿದರೆ, ಐದೇ ಟಿಕೆಟು ಹೋಗಿದೆಯಾದ್ದರಿಂದ ಪ್ರದರ್ಶನ ರದ್ದು ಎಂದು ಕೌಂಟರಿನ ಹುಡುಗ ತಣ್ಣಗೆ ಹೇಳಿದ. ಹಣ ಹಿಂದೆ ಬಂತು, ಟೋಲಿನದ್ದು ಬರಲಿಲ್ಲ. ಕಾಸರಗೋಡಿನ ಚಿತ್ರಮಂದಿರಗಳಲ್ಲಿ ದೊಡ್ಡ ಕನ್ನಡ ಚಿತ್ರಗಳು ಬರುತ್ತವೆ, ಸಣ್ಣವು ಬರುವುದು ಅಪರೂಪ. ಕರ್ನಾಟಕ ಸರಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟಿಗೆ 200 ರೂಪಾಯಿಯ ಮಿತಿ ಹಾಕಿದಾಗ ನಮಗೂ ಆಸೆ ಹುಟ್ಟಿತ್ತು. ಅದೇ ತಿಂಗಳು ಹೈಕೋರ್ಟಿನ ತಡೆಯಾಜ್ಞೆ ಬಂತು. ಹಾಗಾಗಿ ಗಡಿ ದಾಟುವ ಮುನ್ನ ಪ್ರದರ್ಶನ ಇದೆಯೇ ಎಂದು ಫೋನು ಮಾಡಿ ಕೇಳುವುದು ಒಳ್ಳೆಯದು. ಮಲಯಾಳದ ಕಲಾತ್ಮಕ ಚಿತ್ರಗಳಿಗೆ ಮಾತ್ರ ಇನ್ನೊಂದು ದಾರಿ ತೆರೆದಿದೆ: ಕೇರಳ ಸರಕಾರವೇ 2024ರ ಮಾರ್ಚಿನಲ್ಲಿ ಆರಂಭಿಸಿದ ಸಿ ಸ್ಪೇಸ್ ವೇದಿಕೆಯಲ್ಲಿ ನೋಡಿದ ಚಿತ್ರಕ್ಕೆ 75 ರೂಪಾಯಿ ಕೊಟ್ಟರೆ ಸಾಕು, ತಿಂಗಳ ಚಂದಾ ಇಲ್ಲ. ಕನ್ನಡಕ್ಕೆ ಇಂಥದ್ದೊಂದು ಇದ್ದಿದ್ದರೆ ಆ ದಿನದ ಟೋಲು ಉಳಿಯುತ್ತಿತ್ತು.

ಸರಣಿಗಳಲ್ಲಿ ಯಾವುದು?

ಸರಣಿಗಳ ಮಟ್ಟಿಗೆ ಕನ್ನಡದ ಪರ ವಾದಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಜೀ5ರಲ್ಲಿ 2025ರ ಏಪ್ರಿಲಿನಲ್ಲಿ ಬಂದ ರಮೇಶ್ ಇಂದಿರಾ ಅವರ ‘ಅಯ್ಯನ ಮನೆ’ ಸೊಸೆಯರ ಸಾವು ಮತ್ತು ಮನೆದೇವರ ಭಯವನ್ನು ಇಟ್ಟುಕೊಂಡು ಚುರುಕಾಗಿ ಶುರುವಾಗುತ್ತದೆ; ಖುಷಿ ರವಿ ಕೊನೆಯವರೆಗೂ ನಂಬಿಸುತ್ತಾರೆ, ಕಥೆ ಅಷ್ಟು ದೂರ ಬರುವುದಿಲ್ಲ. ಸಂಜೆಯ ಧಾರಾವಾಹಿಯ ಚಾಳಿ, ಅಂದರೆ ಒಬ್ಬರು ಹೇಳಿದ್ದನ್ನು ಮೂವರು ಮುಖ ತಿರುಗಿಸಿ ಕೇಳಿಸಿಕೊಳ್ಳುವುದು, ಇನ್ನೂ ಬಿಟ್ಟಿಲ್ಲ. ‘ಏಕಂ’ ಇದಕ್ಕಿಂತ ಬೇರೆ ಜಾತಿಯದು. ಕರಾವಳಿಯ ಏಳು ಬಿಡಿ ಕಥೆಗಳ ಈ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದೆ ಹೋದಾಗ 2024ರ ಜುಲೈಯಲ್ಲಿ ತಂಡದವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ಏಳೂ ಕಥೆಗಳು ಸಮನಾಗಿಲ್ಲ, ಎರಡು ನನಗೆ ತೀರ ಎಳೆದಂತೆ ಕಂಡವು. ಆದರೆ ಅಲ್ಲಿನ ಜನ ನಮ್ಮ ನೆಂಟರಂತೆ ಮಾತಾಡುತ್ತಾರೆ, ನಮ್ಮ ನೆಂಟರಂತೆಯೇ ಹೇಳಬೇಕಾದದ್ದನ್ನು ಹೇಳದೆ ಎದ್ದು ಹೋಗುತ್ತಾರೆ.

ಮಲಯಾಳದ ‘ಕೇರಳ ಕ್ರೈಮ್ ಫೈಲ್ಸ್’ ಪಕ್ಕದಲ್ಲಿಟ್ಟರೆ ಬಿಗಿ ಎಂದರೇನು ಎಂಬುದು ತಿಳಿಯುತ್ತದೆ. 2023ರ ಮೊದಲ ಸರಣಿಯಲ್ಲಿ ಲಾಡ್ಜಿನ ಪುಸ್ತಕದಲ್ಲಿ ಬರೆದ ಒಂದು ಸುಳ್ಳು ವಿಳಾಸ ಮಾತ್ರ ಪೊಲೀಸರ ಕೈಯಲ್ಲಿದೆ. 2025ರ ಎರಡನೆಯದರಲ್ಲಿ ಅಂಬಿಳಿ ರಾಜು ಎಂಬ ಪೊಲೀಸನೇ ಕಾಣೆಯಾಗುತ್ತಾನೆ, ಇಂದ್ರನ್ಸ್ ಆ ಪಾತ್ರದಲ್ಲಿದ್ದಾರೆ. ಎರಡರಲ್ಲೂ ಆರಾರು ಕಂತು, ಒಂದು ರಾತ್ರಿಗೆ ಮುಗಿಯುವಷ್ಟು. ಎರಡನೆಯದೇ ಮೇಲು, ಬಾಹುಲ್ ರಮೇಶ್ ಬರೆದ ಕಥೆಯಲ್ಲಿ ನಾಯಿಗಳ ವಿಷಯ ಬರುವ ಕಂತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದವರನ್ನು ನಾನು ಕಂಡಿಲ್ಲ. ಆನೆದಂತದ ಬೇಟೆಗಾರರ ಬಗೆಗಿನ ‘ಪೋಚರ್’ (2024) ಕೂಡ ಇದೇ ಸಾಲಿಗೆ ಬರುತ್ತದೆ. ಅಲ್ಲಿ ಮಲಯಾಳಿಗಳು ಮಲಯಾಳ, ದಿಲ್ಲಿಯವರು ಹಿಂದಿ, ಅಧಿಕಾರಿಗಳು ಬೇಕಾದಾಗ ಇಂಗ್ಲಿಷ್ ಆಡುತ್ತಾರೆ, ನಿಜಜೀವನದಲ್ಲಿ ಆಡುವ ಹಾಗೆಯೇ. ಆದರೆ ಹಾಕುವ ಮುನ್ನ ಧ್ವನಿಯ ಆಯ್ಕೆಯನ್ನು ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ತಾನಾಗಿಯೇ ಹಿಂದಿಯಲ್ಲಿ ಶುರುವಾಗಿ, ಕೇರಳದ ಕಾಡಿನ ಕಾವಲುಗಾರ ಲಖನೌದವನಂತೆ ಮಾತಾಡಿ, ಅರ್ಧ ಕಂತು ಕಳೆದ ಮೇಲೆಯೇ ನಮಗೆ ತಪ್ಪು ಗೊತ್ತಾದದ್ದು.

ಈ ಶನಿವಾರದ ಮಟ್ಟಿಗೆ ಭಾವನಿಗೆ ಹೇಳಿದ್ದು ಇಷ್ಟು: ಅತ್ತೆ ಎಚ್ಚರ ಇರುವ ತನಕ ‘ಸು ಫ್ರಮ್ ಸೋ’, ಕನ್ನಡದಲ್ಲಿ, ಅವರು ಮಲಗಿದ ಮೇಲೆ ಅಳಿಯನ ಜತೆ ಅಂಬಿಳಿ ರಾಜುವಿನ ಎರಡು ಕಂತು, ಮಲಯಾಳದಲ್ಲಿ. ಎರಡನ್ನೂ ಸಂಜೆಯೇ ಫೋನಿಗೆ ಇಳಿಸಿಟ್ಟುಕೊಳ್ಳಿ ಎಂದೂ ಹೇಳಿದೆ, ಯಾಕೆಂದರೆ ಗಾಳಿಮಳೆ ಶುರುವಾದರೆ ಕಂತು ಮುಗಿಯುವವರೆಗೆ ಕಾಯುವ ದಾಕ್ಷಿಣ್ಯ ಉಪ್ಪಳದ ಕರೆಂಟಿಗೆ ಇಲ್ಲ.